ಗೋಡೆಯ ಗೂಡು

ಪ್ರತಿಯೊಂದು ಭಾಷೆಯೂ ಲೋಕವನ್ನು ತನ್ನದೇ ಆದ ಕಣ್ಣಿನಿಂದ ನೋಡುತ್ತದೆ. ವಸ್ತು ಒಂದೇ ಆಗಿರಬಹುದು, ಅದರ ಆಕಾರವೂ ಅಳತೆಯೂ ಒಂದೇ ಆಗಿರಬಹುದು. ಆದರೆ ಒಂದು ನುಡಿಯಲ್ಲಿ ಅದಕ್ಕೆ ದೊರೆಯುವ ಹೆಸರು ಬೇರೆ, ಇನ್ನೊಂದು ನುಡಿಯಲ್ಲಿ ದೊರೆಯುವ ಹೆಸರು ಬೇರೆ. ಹೆಸರು ಬದಲಾದಂತೆ ಆ ವಸ್ತುವಿಗೆ ಸಲ್ಲುವ ಮರ್ಯಾದೆಯೂ ಬದಲಾಗುತ್ತದೆ. ಆದುದರಿಂದ ಒಂದು ಭಾಷೆಯ ನುಡಿಗಟ್ಟನ್ನು ಇನ್ನೊಂದು ಭಾಷೆಗೆ ಕರೆತರುವವನು ಪದಗಳ ಅರ್ಥವನ್ನು ಮಾತ್ರ ತಿಳಿದರೆ ಸಾಲದು. ಆ ಪದಗಳ ಹಿಂದಿರುವ ದೃಷ್ಟಿಯನ್ನೂ ತಿಳಿಯಬೇಕು. ಈ ಮಾತಿಗೆ ಒಳ್ಳೆಯ ನಿದರ್ಶನ ಇಂಗ್ಲಿಷಿನ ಒಂದು ಪುಟ್ಟ ನುಡಿಗಟ್ಟು: ‘ಹೋಲ್ ಇನ್ ದ ವಾಲ್’.

ಇದರ ಪದಶಃ ಅರ್ಥ ‘ಗೋಡೆಯಲ್ಲಿರುವ ತೂತು’ ಎಂದು. ಆದರೆ ಇಂಗ್ಲಿಷ್ ಬಲ್ಲವರು ಸಾಮಾನ್ಯವಾಗಿ ಈ ಮಾತನ್ನು ಆಡುವುದು ತೂತನ್ನು ತೋರಿಸುವುದಕ್ಕಲ್ಲ. ಎರಡು ದೊಡ್ಡ ಕಟ್ಟಡಗಳ ನಡುವೆ ಸಿಕ್ಕಿಕೊಂಡಂತೆ ನಿಂತಿರುವ, ಬಾಗಿಲೊಂದೇ ಮುಂಭಾಗವಾಗಿರುವ, ಹೊರಗೆ ಆಡಂಬರದ ಫಲಕವಾಗಲಿ ಒಳಗೆ ಮೆತ್ತನೆಯ ಆಸನವಾಗಲಿ ಇಲ್ಲದ ಸಣ್ಣ ಅಂಗಡಿಗೋ ಉಪಾಹಾರ ಗೃಹಕ್ಕೋ ಅವರು ಈ ಹೆಸರನ್ನು ಕೊಡುತ್ತಾರೆ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಿಂದಲೇ ಇಂಗ್ಲಿಷ್ ಬರಹದಲ್ಲಿ ಕಾಣಸಿಗುವ ಈ ಮಾತಿನಲ್ಲಿ ಮೊದಲಿಗೆ ಇದ್ದುದು ತಾತ್ಸಾರ. ‘ಅದೊಂದು ಕ್ಷುದ್ರ ಸ್ಥಳ, ಗೌರವಸ್ಥರು ಕಾಲಿಡತಕ್ಕದ್ದಲ್ಲ’ ಎಂಬ ಧ್ವನಿ. ಕಾಲ ಕಳೆದಂತೆ ಈ ಧ್ವನಿ ಮೆಲ್ಲನೆ ಮೃದುವಾಯಿತು. ‘ನೋಡಲು ಏನೂ ಇಲ್ಲ, ಆದರೆ ಅಲ್ಲಿಯ ರುಚಿ ಬೇರೆಲ್ಲಿಯೂ ಇಲ್ಲ’ ಎಂದು ಮೆಚ್ಚಿ ಹೇಳುವಾಗಲೂ ಜನ ಇದೇ ಮಾತನ್ನು ಬಳಸತೊಡಗಿದರು. ಹೀಗೆ ಒಂದೇ ನುಡಿಗಟ್ಟು ಒಂದು ಕೈಯಲ್ಲಿ ತಿರಸ್ಕಾರವನ್ನೂ ಇನ್ನೊಂದು ಕೈಯಲ್ಲಿ ಮಮತೆಯನ್ನೂ ಹಿಡಿದು ನಿಂತಿದೆ. ಯಾವ ಕೈಯನ್ನು ಮುಂದೆ ಚಾಚಬೇಕೆಂಬುದನ್ನು ಆಡುವವನ ಮನಸ್ಸು ನಿರ್ಧರಿಸುತ್ತದೆ.

ಇದನ್ನು ಕನ್ನಡಕ್ಕೆ ಹಾಗೆಯೇ ಮಗುಚಿಹಾಕಿದರೆ ಏನಾದೀತು? ‘ಬನ್ನಿ, ಒಂದು ಗೋಡೆಯ ತೂತಿನಲ್ಲಿ ಕಾಫಿ ಕುಡಿಯೋಣ’ ಎಂದು ಯಾರಾದರೂ ಕರೆದರೆ ಕರೆಸಿಕೊಂಡವನು ಬೆರಗಾಗಿ ನಿಂತಾನು! ಕನ್ನಡದಲ್ಲಿ ತೂತು ಎಂಬುದು ದೋಷದ ಗುರುತು. ಕೊಡ ತೂತಾದರೆ ನೀರು ನಿಲ್ಲದು. ಜೇಬು ತೂತಾದರೆ ಕಾಸು ನಿಲ್ಲದು. ದೋಣಿ ತೂತಾದರೆ ಪ್ರಾಣವೇ ನಿಲ್ಲದು. ಗೋಡೆಯಲ್ಲಿ ಮನುಷ್ಯ ಮಾಡುವ ತೂತಿಗೆ ಕನ್ನಡದಲ್ಲಿ ಇನ್ನೂ ಭಯಂಕರವಾದ ಹೆಸರೊಂದಿದೆ, ಅದು ‘ಕನ್ನ’. ಕನ್ನ ಹಾಕುವವನು ಕಳ್ಳ. ಶೂದ್ರಕನ ‘ಮೃಚ್ಛಕಟಿಕ’ ನಾಟಕದಲ್ಲಿ ಶರ್ವಿಲಕನೆಂಬವನು ಚಾರುದತ್ತನ ಮನೆಯ ಗೋಡೆಗೆ ಕನ್ನ ಕೊರೆಯುವಾಗ ಅದನ್ನೊಂದು ಶಾಸ್ತ್ರವೆಂಬಂತೆ, ಕಲೆಯೆಂಬಂತೆ ಭಾವಿಸಿ ಆಲೋಚಿಸುತ್ತಾನೆ. ಓದುವವರಿಗೆ ನಗು ಬರುತ್ತದೆ, ನಿಜ. ಆದರೆ ಎಷ್ಟು ಸುಂದರವಾಗಿ ಕೊರೆದರೂ ಕನ್ನ ಕನ್ನವೇ. ಇನ್ನು ‘ಬಿಲ’ವೆಂದರೆ ಹಾವು ಇಲಿಗಳ ವಾಸ. ತೂತು, ಕನ್ನ, ಬಿಲ, ಈ ಮೂರರಲ್ಲಿ ಯಾವುದನ್ನು ಆರಿಸಿದರೂ ಬೆಳಗಿನ ಜಾವ ಎದ್ದು ಒಲೆ ಹೊತ್ತಿಸಿ ಹತ್ತು ಜನರ ಹಸಿವನ್ನು ತಣಿಸುವ ಒಬ್ಬ ಶ್ರಮಜೀವಿಗೆ ಅವಮಾನ ಮಾಡಿದಂತಾಗುತ್ತದೆ.

ಹಾಗಾದರೆ ಗೋಡೆಯಲ್ಲಿರುವ ಸಣ್ಣ ತೆರಪಿಗೆ ಕನ್ನಡದಲ್ಲಿ ಗೌರವದ ಹೆಸರುಗಳೇ ಇಲ್ಲವೆ? ಧಾರಾಳವಾಗಿ ಇವೆ. ಮಾಡಿನಿಂದ ಬೆಳಕನ್ನು ಇಳಿಸುವುದು ಬೆಳಕಿಂಡಿ. ಕೋಟೆಯ ಹೆಬ್ಬಾಗಿಲ ಜೊತೆಗೆ ಇರುವ ಸಣ್ಣ ಬಾಗಿಲು ದಿಡ್ಡಿ ಬಾಗಿಲು. ಚಿತ್ರದುರ್ಗದ ಕೋಟೆಯಲ್ಲಿ ಬಂಡೆಗಳ ನಡುವಿನ ಇಕ್ಕಟ್ಟಾದ ಸಂದೊಂದು ಇಂದಿಗೂ ಓಬವ್ವನ ಕಿಂಡಿಯೆಂದೇ ಹೆಸರಾಗಿದೆ. ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ಆ ಕಿಂಡಿಯಿಂದ ನುಸುಳಿದಾಗ ಕಾವಲುಗಾರನ ಹೆಂಡತಿಯಾದ ಓಬವ್ವ ಒನಕೆಯೊಂದನ್ನೇ ಹಿಡಿದು ಅವರನ್ನು ತಡೆದಳೆಂದು ನಾಡು ನೆನೆಯುತ್ತದೆ. ಸಂಸ್ಕೃತದಿಂದ ಬಂದ ‘ಗವಾಕ್ಷ’ವೆಂಬ ಪದದ ಅರ್ಥ ಗೋವಿನ ಕಣ್ಣು. ವಿಚಿತ್ರವೆಂದರೆ, ಕಿಟಕಿಗೆ ಇಂಗ್ಲಿಷರು ಹೇಳುವ ‘ವಿಂಡೋ’ ಎಂಬ ಪದವೂ ಉತ್ತರ ಯೂರೋಪಿನ ಹಳೆಯ ನುಡಿಯೊಂದರಲ್ಲಿ ‘ಗಾಳಿಯ ಕಣ್ಣು’ ಎಂಬ ಅರ್ಥವಿದ್ದ ಪದದಿಂದ ಹುಟ್ಟಿದ್ದು. ಸಾವಿರಾರು ಮೈಲಿ ದೂರದ ಎರಡು ಜನಾಂಗಗಳು ಗೋಡೆಯ ತೆರಪಿನಲ್ಲಿ ಕಣ್ಣನ್ನೇ ಕಂಡವು! ಬೆಂಗಳೂರಿನ ಬಸವನಗುಡಿಗೆ ಹೊಂದಿಕೊಂಡಿರುವ ಗವಿಪುರದ ಗಂಗಾಧರೇಶ್ವರ ದೇವಾಲಯಕ್ಕೆ ಮಕರ ಸಂಕ್ರಾಂತಿಯ ಸಂಜೆ ಹೋದವರಿಗೆ ಈ ಹೆಸರಿನ ಔಚಿತ್ಯ ಹೊಳೆಯುತ್ತದೆ. ಅಂದು ಇಳಿಹೊತ್ತಿನ ಬಿಸಿಲು ಕಿಂಡಿಯ ಮೂಲಕ ಹಾದು, ನಂದಿಯ ಕೊಂಬುಗಳ ನಡುವಿನಿಂದ ಸಾಗಿ, ಗುಹೆಯೊಳಗಿನ ಲಿಂಗದ ಮೇಲೆ ಬೀಳುತ್ತದೆ. ಇಡೀ ಆಕಾಶವನ್ನು ತುಂಬುವ ಸೂರ್ಯನಿಗೆ ಒಳಗೆ ಬರಲು ಅಷ್ಟು ದಾರಿ ಸಾಕು.

ಆದರೆ ‘ಹೋಲ್ ಇನ್ ದ ವಾಲ್’ ಎಂಬುದಕ್ಕೆ ಸರಿದೊರೆಯಾಗಿ ನಿಲ್ಲಬಲ್ಲ, ಒಂದು ರೀತಿಯಲ್ಲಿ ಅದನ್ನು ಮೀರಿಸಬಲ್ಲ ಪದ ಕನ್ನಡದಲ್ಲಿ ಇನ್ನೊಂದಿದೆ. ಅದು ‘ಗೂಡು’. ಹಿಂದಿನ ಕಾಲದ ಮಣ್ಣಿನ ಮನೆಗಳಲ್ಲಿ ದಪ್ಪ ಗೋಡೆಯೊಳಗೆ ಸಣ್ಣದೊಂದು ಪೊಳ್ಳನ್ನು ಬಿಟ್ಟು ಕಟ್ಟುತ್ತಿದ್ದರು. ಅದರಲ್ಲಿ ದೀಪ ಇಡುತ್ತಿದ್ದರು. ಕುಂಕುಮದ ಭರಣಿ, ಕನ್ನಡಿ, ಹಣಿಗೆ ಇಡುತ್ತಿದ್ದರು. ಶಾಲೆಗೆ ಹೋಗುವ ಹುಡುಗ ತನ್ನ ಬಳಪವನ್ನು ಇಡುತ್ತಿದ್ದ. ಪದಶಃ ನೋಡಿದರೆ ಅದು ಗೋಡೆಯ ತೂತೇ. ಆದರೆ ಕನ್ನಡಿಗರು ಅದನ್ನು ಗೂಡೆಂದು ಕರೆದರು. ಹಕ್ಕಿ ತನ್ನ ಮರಿಗಳನ್ನು ಕಾಪಾಡುವ ಸ್ಥಳಕ್ಕೂ ಅದೇ ಹೆಸರು. ಜೇನು ತನ್ನ ಸಂಪತ್ತನ್ನು ಕೂಡಿಡುವ ಸ್ಥಳಕ್ಕೂ ಅದೇ ಹೆಸರು. ರೇಷ್ಮೆಯ ಹುಳು ತನ್ನ ಸುತ್ತ ನೆಯ್ದುಕೊಳ್ಳುವ ಮನೆಗೂ ಅದೇ ಹೆಸರು. ಪಾರಿವಾಳಗಳಿಗಾಗಿ ಮಾಡಿದ ಸಣ್ಣ ಖಾನೆಯನ್ನು ಇಂಗ್ಲಿಷರು ‘ಪಿಜನ್ ಹೋಲ್’, ಅಂದರೆ ಪಾರಿವಾಳದ ತೂತು ಎನ್ನುತ್ತಾರೆ. ಕನ್ನಡದಲ್ಲಿ ಅದು ಪಾರಿವಾಳದ ಗೂಡು. ಹೃದಯವನ್ನು ಸುತ್ತುವರಿದ ಎಲುಬುಗಳ ಆವರಣ ಇಂಗ್ಲಿಷಿನಲ್ಲಿ ಪಂಜರ, ಕನ್ನಡದಲ್ಲಿ ಎದೆಗೂಡು. ಈ ಪದವನ್ನು ಅಂಗಡಿಗೆ ಸೇರಿಸಿ ಜನಸಾಮಾನ್ಯರು ‘ಗೂಡಂಗಡಿ’ ಎಂಬ ಸೊಗಸಾದ ಮಾತನ್ನು ಮಾಡಿಕೊಂಡರು. ಗೂಡು ಮತ್ತು ಅಂಗಡಿ ಸೇರಿದಾಗ ನಡುವಿನ ಉಕಾರ ಲೋಪವಾಯಿತು. ಅಕ್ಕರೆ ಮಾತ್ರ ಲೋಪವಾಗಲಿಲ್ಲ. ಇಂಗ್ಲಿಷಿನ ನುಡಿಗಟ್ಟು ಬೀದಿಯಲ್ಲಿ ನಿಂತು ನೋಡಿದವನ ಮಾತು. ಅವನಿಗೆ ಕಾಣುವುದು ಗೋಡೆ ಮತ್ತು ಅದರಲ್ಲಿನ ಖಾಲಿ ಜಾಗ. ಗೂಡೆಂಬುದು ಒಳಗೆ ಬಾಳುವವನನ್ನು ನೆನೆದವನ ಮಾತು; ಅವನಿಗೆ ಕಾಣುವುದು ಆ ಜಾಗವನ್ನು ತುಂಬಿರುವ ಜೀವ.

ಹಳೆಯ ಬೆಂಗಳೂರಿನ ಬಡಾವಣೆಗಳಲ್ಲಿ ಇಂತಹ ಗೂಡುಗಳಿಗೆ ಒಂದು ವಿಶಿಷ್ಟ ಸ್ಥಾನವಿದೆ. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆಗೆ ಮೈಸೂರಿನ ಅರಸರಾದ ಚಾಮರಾಜೇಂದ್ರ ಒಡೆಯರ ಹೆಸರು. ಇಕ್ಕಟ್ಟಾದ ಹಳೆಯ ಪೇಟೆಯಲ್ಲಿ 1898ರಲ್ಲಿ ಪ್ಲೇಗು ಹಬ್ಬಿದಾಗ ಗಾಳಿ ಬೆಳಕುಗಳಿರುವ ವಿಸ್ತಾರವಾದ ಬಡಾವಣೆಗಳ ಅಗತ್ಯ ಎಲ್ಲರಿಗೂ ಮನವರಿಕೆಯಾಯಿತು. ದೊಡ್ಡ ಬಸವನ ಗುಡಿಯ ಸುತ್ತ ಬಸವನಗುಡಿಯೂ, ಕಾಡು ಮಲ್ಲೇಶ್ವರನ ಸನ್ನಿಧಿಯಲ್ಲಿ ಮಲ್ಲೇಶ್ವರವೂ ಬೆಳೆದವು. ನೇರವಾದ ರಸ್ತೆಗಳು, ಸಾಲುಮರಗಳು, ಅಂಗಳವಿರುವ ಮನೆಗಳು. ಆ ಮನೆಗಳ ನಡುನಡುವೆ ವಠಾರಗಳು. ಬೀದಿಯಿಂದ ನೋಡಿದರೆ ವಠಾರಕ್ಕೆ ಇರುವುದು ಒಂದು ಕಿರುಬಾಗಿಲು ಮಾತ್ರ. ತಲೆ ತಗ್ಗಿಸಿ ಒಳಗೆ ಹೋದರೆ ಎರಡೂ ಕಡೆ ಸಾಲಾಗಿ ಪುಟ್ಟ ಮನೆಗಳು, ನಡುವೆ ಒಂದು ನಲ್ಲಿ, ಒಣಗಲು ಹಾಕಿದ ಬಟ್ಟೆ, ಹಪ್ಪಳ ಕಾಯುವ ಅಜ್ಜಿ, ಹತ್ತು ಸಂಸಾರಗಳ ಸುಖದುಃಖ. ಆ ಕಿರುಬಾಗಿಲಿನಿಂದ ಹೊರಬಂದ ಗುಮಾಸ್ತರು, ಉಪಾಧ್ಯಾಯರು, ಓದಲೆಂದು ಊರು ಬಿಟ್ಟು ಬಂದ ಬಡ ಹುಡುಗರು, ಇವರೆಲ್ಲರಿಗೂ ಅಗ್ಗವಾಗಿ, ಶುಚಿಯಾಗಿ, ಬೇಗನೆ ತಿಂಡಿ ಕಾಫಿ ಒದಗಿಸಬೇಕಾಗಿತ್ತು. ಅದಕ್ಕಾಗಿ ತೆರೆದುಕೊಂಡವೇ ಇಲ್ಲಿಯ ಸಣ್ಣ ಸಣ್ಣ ಹೋಟೆಲುಗಳು.

ಬಸವನಗುಡಿಯ ಗಾಂಧಿ ಬಜಾರಿನಲ್ಲಿ 1943ರಲ್ಲಿ ಆರಂಭವಾದ ವಿದ್ಯಾರ್ಥಿ ಭವನದ ಹೆಸರೇ ಅದರ ಕಥೆಯನ್ನು ಹೇಳುತ್ತದೆ. ನೆರೆಯ ಶಾಲೆಗಳ ವಿದ್ಯಾರ್ಥಿಗಳೇ ಅದರ ಮೊದಲ ಅತಿಥಿಗಳು. ಹೊರಗಿನಿಂದ ಅದೊಂದು ಸಾಧಾರಣ ಬಾಗಿಲು. ಒಳಗೆ ಗೋಡೆಗಳ ಮೇಲೆ ಕನ್ನಡ ನಾಡಿನ ಹಿರಿಯರ ರೇಖಾಚಿತ್ರಗಳು. ಒಂದೇ ತೋಳಿನ ಮೇಲೆ ಹನ್ನೆರಡಕ್ಕೂ ಹೆಚ್ಚು ದೋಸೆಯ ತಟ್ಟೆಗಳನ್ನು ಗೋಪುರದಂತೆ ಪೇರಿಸಿಕೊಂಡು ನಡೆಯುವ ಪರಿಚಾರಕರ ಸಮತೋಲ! ಶಂಕರಪುರದಲ್ಲಿ 1965ರಿಂದ ನಡೆದುಬಂದಿರುವ ಬ್ರಾಹ್ಮಿನ್ಸ್ ಕಾಫಿ ಬಾರ್ ಹೆಸರಾದುದು ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿಗಳಂತಹ ಕೆಲವೇ ಪದಾರ್ಥಗಳಿಂದ. ಅಲ್ಲಿ ಇಡ್ಲಿಗೆ ಸಾಂಬಾರಿಲ್ಲ, ಚಟ್ನಿಯೇ ಎಲ್ಲ. ಜನ ನಿಂತುಕೊಂಡೇ ತಿನ್ನುತ್ತಾರೆ. ಮಲ್ಲೇಶ್ವರದ ಮಾರ್ಗೋಸಾ ರಸ್ತೆಯೆಂದರೆ ಕನ್ನಡದಲ್ಲಿ ಬೇವಿನ ಮರದ ರಸ್ತೆ. ಆ ಕಹಿ ಹೆಸರಿನ ರಸ್ತೆಯಲ್ಲಿಯೇ ಊರಿನ ಸವಿರುಚಿಗಳು ನೆಲೆಸಿವೆ. 1920ರ ದಶಕದಲ್ಲಿ ಮೊದಲಾದ ಸೆಂಟ್ರಲ್ ಟಿಫಿನ್ ರೂಮ್ ಬೆಣ್ಣೆ ಮಸಾಲೆ ದೋಸೆಗೆ ಹೆಸರಾದರೆ, 1977ರಲ್ಲಿ ತೆರೆದ ವೀಣಾ ಸ್ಟೋರ್ಸ್ ಇಡ್ಲಿಗೆ ಹೆಸರಾಗಿದೆ. ಅಲ್ಲಿಯೂ ಬೀದಿಯ ಬದಿಯೇ ಭೋಜನಶಾಲೆ. ಕಾರಿನಿಂದ ಇಳಿದವರೂ ಸೈಕಲ್ಲನ್ನು ಗೋಡೆಗೆ ಒರಗಿಸಿದವರೂ ಅಕ್ಕಪಕ್ಕದಲ್ಲಿ ನಿಂತು, ಎಡಗೈಯಲ್ಲಿ ತಟ್ಟೆ ಹಿಡಿದು, ಒಂದೇ ಚಟ್ನಿಯಲ್ಲಿ ಇಡ್ಲಿಯನ್ನು ಅದ್ದುತ್ತಾರೆ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆಗೆ ಇದಕ್ಕಿಂತ ರುಚಿಕರವಾದ ವಿವರಣೆ ಬೇಕೆ?

ಈ ಚಿಕ್ಕತನ ಅನೇಕರು ತಿಳಿದಿರುವಂತೆ ಕೇವಲ ಬಡತನದ ಫಲವಲ್ಲ. ಅದರ ಹಿಂದೆ ಒಂದು ಲೆಕ್ಕಾಚಾರವೂ ಒಂದು ಶಿಸ್ತೂ ಇವೆ. ಜಾಗ ಚಿಕ್ಕದಾದರೆ ಬಾಡಿಗೆ ಕಡಿಮೆ. ಬಾಡಿಗೆ ಕಡಿಮೆಯಾದರೆ ಬೆಲೆಯನ್ನು ಹಿಡಿತದಲ್ಲಿಡಬಹುದು. ಕುರ್ಚಿಗಳಿಲ್ಲದಿದ್ದರೆ ತಿಂದವನು ಬೇಗ ಹೊರಡುತ್ತಾನೆ. ಅವನು ಹೊರಟರೆ ಇನ್ನೊಬ್ಬನಿಗೆ ಎಡೆ ದೊರೆಯುತ್ತದೆ. ಪದಾರ್ಥಗಳು ನಾಲ್ಕೈದೇ ಆದಾಗ ಮಾಡುವವನ ಕೈ ಪಳಗುತ್ತದೆ. ಅಕ್ಕಿಯನ್ನೂ ಉದ್ದನ್ನೂ ನೆನೆಸಿ ರುಬ್ಬಿ ಹಿಂದಿನ ರಾತ್ರಿಯೇ ಹುಳಿಯಲು ಬಿಡಬೇಕು. ಚಳಿಗಾಲದಲ್ಲಿ ಹಿಟ್ಟು ನಿಧಾನವಾಗಿ ಹುಳಿಯುತ್ತದೆ, ಬೇಸಗೆಯಲ್ಲಿ ಬೇಗ. ಗಡಿಯಾರ ನೋಡಿದರೆ ಸಾಲದು, ಹಿಟ್ಟನ್ನೇ ನೋಡಿ ತಿಳಿಯಬೇಕು. ಮಾಡಿದ್ದು ಮಾಡಿದಂತೆ ಖರ್ಚಾಗುವುದರಿಂದ ನಿನ್ನೆಯದು ಇಂದಿಗೆ ಉಳಿಯುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಇಂತಹ ಅಂಗಡಿಗಳಲ್ಲಿ ಒಲೆಯೂ ಗಿರಾಕಿಯೂ ಹತ್ತಿರ ಹತ್ತಿರ. ಮಾಡುವವನಿಗೆ ತಿನ್ನುವವನ ಮುಖ ಕಾಣುತ್ತದೆ. ತಿನ್ನುವವನಿಗೆ ಮಾಡುವವನ ಕೈ ಕಾಣುತ್ತದೆ. ಮುಖ ಕಾಣುವ ಕಡೆ ಮೋಸಕ್ಕೆ ಎಡೆ ಕಡಿಮೆ. ದೊಡ್ಡ ಮಳಿಗೆಗೆ ಹೊಸ ಗಿರಾಕಿ ಸಾಕು. ಸಣ್ಣ ಅಂಗಡಿಗೆ ನಿನ್ನೆ ಬಂದವನೇ ಇಂದೂ ಬರಬೇಕು. ಆದುದರಿಂದ ಅದು ತನ್ನ ಮಾತನ್ನು ಪ್ರತಿದಿನವೂ ಉಳಿಸಿಕೊಳ್ಳಬೇಕಾಗುತ್ತದೆ.

ಈ ಗೂಡುಗಳು ಊರಿಗೆ ತಿಂಡಿಯನ್ನು ಮಾತ್ರವಲ್ಲದೆ ಮಾತನ್ನೂ ಕೊಟ್ಟಿವೆ. ‘ಬೈ ಟು ಕಾಫಿ’ ಎಂಬುದು ಬೆಂಗಳೂರಿನ ಸ್ವಂತ ನುಡಿಗಟ್ಟು. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಹಂಚುವುದೆಂದು ಅದರ ಅರ್ಥ. ಪದಗಳು ಇಂಗ್ಲಿಷಿನವು, ಆದರೆ ಲಂಡನ್ನಿನಿಂದ ಬಂದವನಿಗೆ ಅದು ಒಡನೆಯೇ ಅರ್ಥವಾಗದು. ಅಂಕಗಣಿತದ ಭಿನ್ನರಾಶಿಯೊಂದು ಇಲ್ಲಿ ಸ್ನೇಹದ ಮಾತಾಯಿತು. ಇಬ್ಬರ ಜೇಬಿನಲ್ಲಿಯೂ ಕಾಸು ಕಡಿಮೆ ಇದ್ದಾಗ ಹುಟ್ಟಿದ ಪದ್ಧತಿ, ಕಾಸು ಇರುವಾಗಲೂ ಉಳಿದುಕೊಂಡಿತು; ಏಕೆಂದರೆ ಹಂಚಿಕೊಂಡು ಕುಡಿದ ಅರ್ಧ ಲೋಟದಲ್ಲಿ ಇನ್ನೂ ಅರ್ಧ ಗಂಟೆಯ ಸಂಭಾಷಣೆಯಿರುತ್ತದೆ. ಬೇರೆ ಭಾಷೆಯ ಪದವನ್ನು ಹೇಗೆ ತನ್ನದಾಗಿಸಿಕೊಳ್ಳಬೇಕು ಎಂಬುದನ್ನು ಪಂಡಿತರಿಗಿಂತ ಮೊದಲು ಕಾಫಿ ಕುಡಿಯುವವರು ಕಂಡುಕೊಂಡರು.

ತಿಂಡಿಯ ಅಂಗಡಿಗೆ ಮಾತ್ರ ಈ ಮಾತು ಮೀಸಲಲ್ಲ. ಹೊಲಿಗೆಯಂಗಡಿ, ಗಡಿಯಾರ ರಿಪೇರಿಯ ಅಂಗಡಿ, ಹೂವಿನಂಗಡಿ, ಹಳೆಯ ಪುಸ್ತಕಗಳ ಅಂಗಡಿ, ಎಲ್ಲಕ್ಕೂ ಇದು ಸಲ್ಲುತ್ತದೆ. ಚರ್ಚ್ ಸ್ಟ್ರೀಟಿನ ಬಳಿ ಟಿ. ಎಸ್. ಶಾನಭಾಗರು 1971ರಿಂದ 2009ರವರೆಗೆ ನಡೆಸಿದ ಪ್ರೀಮಿಯರ್ ಪುಸ್ತಕದಂಗಡಿ ಇದಕ್ಕೆ ಸಾಕ್ಷಿ. ನೆಲದಿಂದ ಮೇಲಿನವರೆಗೆ ಪುಸ್ತಕಗಳೇ. ಓಡಾಡಲು ಒಬ್ಬರಿಗೆ ಸಾಲುವಷ್ಟು ದಾರಿ. ಹೊಸಬರ ಕಣ್ಣಿಗೆ ಅದು ಅಸ್ತವ್ಯಸ್ತವಾದ ರಾಶಿ. ಆದರೆ ಯಾವ ಪುಸ್ತಕ ಎಲ್ಲಿದೆಯೆಂಬುದು ಅಂಗಡಿಯವರಿಗೆ ಕರಗತ. ಆ ಬಾಗಿಲಿನಿಂದ ಒಳಹೊಕ್ಕ ಎಷ್ಟೋ ತರುಣರು ಜಗತ್ತಿನ ಸಾಹಿತ್ಯದ ಹೆಬ್ಬಾಗಿಲನ್ನು ದಾಟಿ ಹೊರಬಂದರು.

ಇಷ್ಟನ್ನು ಕೇಳಿ, ಚಿಕ್ಕದೆಲ್ಲವೂ ಒಳ್ಳೆಯದು, ದೊಡ್ಡದೆಲ್ಲವೂ ಕೆಟ್ಟದ್ದು ಎಂದು ತೀರ್ಮಾನಿಸಿದರೆ ಅದು ಅವಸರದ ಮಾತಾದೀತು. ಗೂಡಂಗಡಿಯಲ್ಲಿಯೂ ಕೊಳಕು ಇರಬಹುದು, ತೂಕದಲ್ಲಿ ಮೋಸ ಇರಬಹುದು. ಅಳತೆ ಗುಣವಲ್ಲ. ಇದಕ್ಕಿಂತ ಗಂಭೀರವಾದ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಗೋಡೆಯ ಕಿಂಡಿಯನ್ನು ಹೊಗಳುವ ಉತ್ಸಾಹದಲ್ಲಿ, ಅಲ್ಲಿ ಗೋಡೆ ಏಕೆ ಇತ್ತು ಎಂದು ಕೇಳುವುದನ್ನು ಮರೆಯಬಾರದು. ಬೆಂಗಳೂರಿನ ಹೋಟೆಲುಗಳನ್ನು ಕಟ್ಟಿದವರಲ್ಲಿ ಬಹುಮಂದಿ ಉಡುಪಿಯ ಸೀಮೆಯಿಂದ ಬಂದವರು. ಆ ಉಡುಪಿಯಲ್ಲಿಯೇ ಕನ್ನಡ ನಾಡಿನ ಅತ್ಯಂತ ಪ್ರಸಿದ್ಧವಾದ ಕಿಂಡಿ ಇದೆ. ಹದಿನಾರನೆಯ ಶತಮಾನದ ಭಕ್ತಕವಿ ಕನಕದಾಸರು ಕೃಷ್ಣನ ದರ್ಶನಕ್ಕೆಂದು ಅಲ್ಲಿಗೆ ಬಂದರು. ಹುಟ್ಟಿನ ಕಾರಣದಿಂದ ಅವರಿಗೆ ಒಳಗೆ ಪ್ರವೇಶ ದೊರೆಯಲಿಲ್ಲ. ಅವರು ಗುಡಿಯ ಹಿಂದೆ ನಿಂತು ಹಾಡಿದಾಗ ಗೋಡೆ ಬಿರಿಯಿತು, ದೇವರ ಮೂರ್ತಿ ಪಶ್ಚಿಮಕ್ಕೆ ತಿರುಗಿ ಆ ಬಿರುಕಿನ ಮೂಲಕ ಭಕ್ತನಿಗೆ ದರ್ಶನವಿತ್ತಿತು ಎಂಬುದು ಐತಿಹ್ಯ. ಇಂದಿಗೂ ಅದು ಕನಕನ ಕಿಂಡಿ. ಕನಕದಾಸರೇ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹೂಡಿ, ಸೆರೆಮನೆಯಲ್ಲಿ ಕೆಡದೆ ಉಳಿದ ರಾಗಿಗೆ ರಾಮನಿಂದ ಮನ್ನಣೆ ಕೊಡಿಸಿದರು. ಹೊರಗಿನ ಬಣ್ಣವಲ್ಲ, ಒಳಗಿನ ಸತ್ತ್ವ ಮುಖ್ಯ ಎಂಬುದನ್ನು ಬಲ್ಲ ಕವಿಯನ್ನು ಹೊರಗೆ ನಿಲ್ಲಿಸಿದ್ದು ಒಂದು ಗೋಡೆ! ಕಿಂಡಿ ಭಕ್ತನ ಹಿರಿಮೆಯನ್ನು ಹೇಳುತ್ತದೆ. ಮುಚ್ಚಿದ ಬಾಗಿಲು ಸಮಾಜದ ಕಿರಿತನವನ್ನು ಹೇಳುತ್ತದೆ. ಎರಡನ್ನೂ ಓದಬಲ್ಲವನೇ ಆ ಸ್ಥಳವನ್ನು ಸರಿಯಾಗಿ ನೋಡಿದಂತೆ.

ಗುಡಿಗಳಂತೆಯೇ ಅಂಗಡಿ ಹೋಟೆಲುಗಳ ಬಾಗಿಲುಗಳೂ ಹಿಂದೆ ಎಲ್ಲರಿಗೂ ಸಮವಾಗಿ ತೆರೆದಿರಲಿಲ್ಲ. ಊರಿನ ಬಾವಿ ಕೆರೆಗಳೂ ಹಾಗೆಯೇ. 1950ರ ಜನವರಿ 26ರಂದು ಜಾರಿಗೆ ಬಂದ ಭಾರತದ ಸಂವಿಧಾನ ಈ ಅನ್ಯಾಯವನ್ನು ನೇರವಾಗಿ ಎದುರಿಸಿತು. ಅದರ 15ನೆಯ ವಿಧಿಯ ಪ್ರಕಾರ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳಿಗೆ ಬಾರದಂತೆ ತಡೆಯುವಂತಿಲ್ಲ. ರಾಷ್ಟ್ರದ ಮೂಲ ಶಾಸನವೊಂದು ಅಂಗಡಿಯ ಬಾಗಿಲನ್ನು ಹೆಸರಿಸಿ ಮಾತನಾಡಿದೆ ಎಂಬುದು ಗಮನಿಸತಕ್ಕ ಸಂಗತಿ. ಬಾಗಿಲಿನ ಅಗಲವನ್ನು ಅಳೆಯುವ ನಿಜವಾದ ಕೋಲು ಯಾವುದೆಂಬುದನ್ನು ಅದು ತೋರಿಸಿಕೊಟ್ಟಿತು. ಮೂರು ಅಡಿಯ ಬಾಗಿಲಿನಲ್ಲಿ ಎಲ್ಲರೂ ಬರುವಂತಿದ್ದರೆ ಅದು ವಿಶಾಲವಾದ ಬಾಗಿಲು. ಮೂವತ್ತು ಅಡಿಯ ಬಾಗಿಲಿನಲ್ಲಿ ಕೆಲವರಿಗೆ ಮಾತ್ರ ಪ್ರವೇಶವಿದ್ದರೆ ಅದೇ ಇಕ್ಕಟ್ಟಾದ ಕಿಂಡಿ.

ಬಾಗಿಲು ತೆರೆದಿರಲಿ ಮುಚ್ಚಿರಲಿ, ನುಡಿಗಟ್ಟುಗಳು ಮಾತ್ರ ಒಂದು ಕಡೆ ನಿಲ್ಲುವುದಿಲ್ಲ. ಕಾಲದೊಡನೆ ಪ್ರಯಾಣ ಮಾಡುತ್ತವೆ. 1967ರ ಜೂನ್ 27ರಂದು ಲಂಡನ್ನಿನ ಉತ್ತರಕ್ಕಿರುವ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ತನ್ನ ಗೋಡೆಯಲ್ಲಿ ಹಣ ಕೊಡುವ ಯಂತ್ರವೊಂದನ್ನು ಅಳವಡಿಸಿತು. ಅದನ್ನು ರೂಪಿಸಿದ ತಂಡದ ಮುಖ್ಯಸ್ಥರಾದ ಜಾನ್ ಶೆಫರ್ಡ್-ಬ್ಯಾರನ್ 1925ರಲ್ಲಿ ಭಾರತದ ಶಿಲ್ಲಾಂಗಿನಲ್ಲಿ ಜನಿಸಿದವರು. ಕಾಸು ಹಾಕಿದರೆ ಚಾಕೊಲೇಟು ಕೊಡುವ ಯಂತ್ರವನ್ನು ನೆನೆದು ಈ ಉಪಾಯ ಹೊಳೆಯಿತೆಂದು ಅವರು ಹೇಳಿಕೊಂಡಿದ್ದರು. ಬ್ರಿಟನ್ನಿನ ಜನ ಆ ಯಂತ್ರವನ್ನೂ ‘ಹೋಲ್ ಇನ್ ದ ವಾಲ್’ ಎಂದೇ ಕರೆದರು. ಆದುದರಿಂದ ಅಮೆರಿಕದಲ್ಲಿ ಈ ಮಾತನ್ನು ಕೇಳಿದವನು ಹಸಿವಾಗಿ ಹೊರಟರೆ, ಇಂಗ್ಲೆಂಡಿನಲ್ಲಿ ಕೇಳಿದವನು ಹಣ ತೆಗೆಯಲು ಹೊರಡಬಹುದು! ಸಂದರ್ಭವನ್ನು ಬಿಟ್ಟು ಅರ್ಥವನ್ನು ಹಿಡಿಯಹೊರಟರೆ ಇಂತಹ ಪ್ರಮಾದಗಳು ತಪ್ಪವು.

ಭಾರತದಲ್ಲಿ ಇದೇ ಮಾತಿಗೆ ಇನ್ನೊಂದು ಅರ್ಥ ಬಂದುದು 1999ರಲ್ಲಿ. ನವದೆಹಲಿಯ ಕಾಲ್ಕಾಜಿಯಲ್ಲಿ ಒಂದು ಗಣಕಯಂತ್ರ ಶಿಕ್ಷಣ ಸಂಸ್ಥೆಯ ಕಚೇರಿ. ಗೋಡೆಯ ಆಚೆ ಒಂದು ಕೊಳೆಗೇರಿ. ಅಲ್ಲಿ ಕೆಲಸ ಮಾಡುತ್ತಿದ್ದ ಸುಗತ ಮಿತ್ರ ಅವರು ಆ ಗೋಡೆಯನ್ನು ಕೊರೆಸಿ ಕೊಳೆಗೇರಿಯ ಕಡೆಗೆ ಮುಖ ಮಾಡಿ ಒಂದು ಕಂಪ್ಯೂಟರನ್ನು ಇಡಿಸಿದರು. ಯಾರೂ ಕಲಿಸಲಿಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳು ಕುತೂಹಲದಿಂದ ಬಂದು ಮುಟ್ಟಿದರು, ಒತ್ತಿದರು, ಒಬ್ಬರಿಂದೊಬ್ಬರು ಕಲಿತರು. ಕೆಲವೇ ದಿನಗಳಲ್ಲಿ ಅದನ್ನು ಬಳಸುವ ಬಗೆ ಅವರಿಗೆ ತಿಳಿಯಿತು. ಈ ಪ್ರಯೋಗ ‘ಹೋಲ್ ಇನ್ ದ ವಾಲ್’ ಎಂಬ ಹೆಸರಿನಿಂದಲೇ ಲೋಕಪ್ರಸಿದ್ಧವಾಯಿತು. ಮಕ್ಕಳ ಬುದ್ಧಿಗೆ ಒಂದು ಕಿಂಡಿ ಸಾಕು ಎಂಬುದು ಇದರ ಸಂತೋಷದ ಪಾಠ. ಆದರೆ ಕನಕನ ಕಿಂಡಿಯ ಮುಂದೆ ಹುಟ್ಟಿದ ಪ್ರಶ್ನೆ ಇಲ್ಲಿಯೂ ಹುಟ್ಟಬೇಕು. ಆ ಮಕ್ಕಳು ಗೋಡೆಯ ಹೊರಗೆ ಏಕೆ ಇದ್ದರು? ಕಿಂಡಿ ಆರಂಭವಾಗಬಹುದು, ಅದೇ ಕೊನೆಯಾಗಬಾರದು. ಕಿಂಡಿಯಲ್ಲಿ ಕಂಡ ಬೆಳಕು ಒಂದು ದಿನ ಬಾಗಿಲಾಗಿ ತೆರೆದುಕೊಳ್ಳಬೇಕು.

ಹಾಗಾದರೆ ಈ ನುಡಿಗಟ್ಟನ್ನು ಬಳಸುವ ಬಗೆ ಹೇಗೆ? ಇಂಗ್ಲಿಷಿನಲ್ಲಿ ಬಳಸುವಾಗ ಅದನ್ನು ನಾಮಪದವಾಗಿಯೂ, ಅಂಗಡಿ ಹೋಟೆಲುಗಳ ವಿಶೇಷಣವಾಗಿಯೂ ಬಳಸಬಹುದು. ವಿಶೇಷಣವಾದಾಗ ಪದಗಳ ನಡುವೆ ಅಡ್ಡಗೆರೆ ಹಾಕಿ ಒಂದಾಗಿ ಬರೆಯುವುದು ವಾಡಿಕೆ. ಆತ್ಮೀಯರೊಡನೆ ಮೆಚ್ಚುಗೆಯಿಂದ ಹೇಳಿದರೆ ಅದು ಪ್ರಶಂಸೆ. ಅಂಗಡಿಯ ಯಜಮಾನನ ಎದುರಿಗೇ ಹೇಳಿದರೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಹೇಳಿದರೂ, ಅದು ಚುಚ್ಚೀತು. ತನ್ನ ಮನೆಯನ್ನು ತಾನೇ ‘ಗುಡಿಸಲು’ ಎಂದುಕೊಂಡರೆ ವಿನಯ. ಅತಿಥಿ ಹಾಗೆಂದರೆ ಅವಿನಯ. ಈ ನ್ಯಾಯ ಎಲ್ಲ ಭಾಷೆಗಳಿಗೂ ಒಂದೇ. ಕನ್ನಡದಲ್ಲಿ ಹೇಳುವಾಗಲಂತೂ ಆ ಮಾತನ್ನು ಪದಕ್ಕೆ ಪದ ಇಟ್ಟು ಎಳೆದು ತರುವ ಶ್ರಮವೇ ಬೇಕಿಲ್ಲ. ಸಂದರ್ಭ ನೋಡಿ ಗೂಡಂಗಡಿ, ಪುಟ್ಟ ಹೋಟೆಲು, ಮೂಲೆಯಂಗಡಿ, ಕಿರುಬಾಗಿಲಿನ ಅಂಗಡಿ ಎನ್ನಬಹುದು. ‘ಹೊರಗೆ ಗೂಡು, ಒಳಗೆ ಹಬ್ಬ’ ಎಂದರೆ ಇಂಗ್ಲಿಷಿನ ಇಡೀ ಭಾವ ಅಷ್ಟರಲ್ಲಿಯೇ ಬಂದುಬಿಡುತ್ತದೆ. ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಸ್ಥಾಪನೆಯಾದ ಸಂಸ್ಥೆ. ಅದು ಹೊರತಂದ ಎಂಟು ಸಂಪುಟಗಳ ಬೃಹತ್ ನಿಘಂಟಿನಲ್ಲಿ ಕನ್ನಡದ ಪದಸಂಪತ್ತು ರಾಶಿಯಾಗಿದೆ. ಅಷ್ಟು ಸಂಪತ್ತಿರುವ ನುಡಿಗೆ ಒಂದು ಪುಟ್ಟ ಬಾಗಿಲಿಗೆ ಹೆಸರಿಡಲು ಸಾಲ ಮಾಡುವ ದಾರಿದ್ರ್ಯ ಬಂದಿಲ್ಲ.

ಬೆಂಗಳೂರು ಬೆಳೆಯುತ್ತಿದೆ. ಹಳೆಯ ಬಡಾವಣೆಗಳ ಅಂಗಳವಿದ್ದ ಮನೆಗಳು ಬಹುಮಹಡಿಯ ಕಟ್ಟಡಗಳಿಗೆ ಎಡೆಗೊಟ್ಟಿವೆ, ವಠಾರಗಳು ವಿರಳವಾಗಿವೆ. ನೆಲದ ಬೆಲೆ ಏರಿದಂತೆ ಸಣ್ಣ ಅಂಗಡಿಗೆ ಕಾಲೂರುವುದೇ ಕಷ್ಟ. ಬೀದಿಬದಿಯಲ್ಲಿ ದುಡಿಯುವವರ ಜೀವನೋಪಾಯವನ್ನು ರಕ್ಷಿಸಲೆಂದು 2014ರಲ್ಲಿ ಸಂಸತ್ತು ಒಂದು ಕಾನೂನನ್ನು ಮಾಡಿತು. ಕಾಲುದಾರಿಯಲ್ಲಿ ನಡೆಯುವವನ ಹಕ್ಕನ್ನೂ ಅಲ್ಲಿ ಬದುಕುವವನ ಹಕ್ಕನ್ನೂ ತೂಗಿ ನೋಡಬೇಕಾದುದು ನಗರದ ಹೊಣೆ. ಆ ತಕ್ಕಡಿಯನ್ನು ಹಿಡಿದವರು ಯಾವ ಪದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ ಎಂಬುದು ಅಲ್ಪ ವಿಷಯವಲ್ಲ. ತೂತೆಂದು ಭಾವಿಸಿದವನು ಅದನ್ನು ಮುಚ್ಚಲು ನೋಡುತ್ತಾನೆ. ತೂತನ್ನು ಮುಚ್ಚುವುದು ಒಳ್ಳೆಯ ಕೆಲಸವೆಂದೇ ಅವನಿಗೆ ತೋರುತ್ತದೆ. ಗೂಡೆಂದು ಭಾವಿಸಿದವನು ಕೈಯೆತ್ತುವ ಮೊದಲು ಒಳಗೆ ಯಾರಿದ್ದಾರೆ ಎಂದು ಬಗ್ಗಿ ನೋಡುತ್ತಾನೆ. ಎರಡು ಪದಗಳ ನಡುವಿನ ವ್ಯತ್ಯಾಸ ಇಷ್ಟೇ. ಆದರೆ ಆ ವ್ಯತ್ಯಾಸದಲ್ಲಿ ಒಂದು ಸಂಸ್ಕೃತಿಯೇ ಅಡಗಿದೆ.